ಜೈಲಿನಿಂದ ಬರುವ ಮೈದುನನಿಗೆ 'ಒಳ್ಳೆಯ ಬದುಕಿನ ಪ್ಲಾನ್' ಯಾಕೆ?

ಪ್ರಶ್ನೆ: ನನಗೆ 36 ವರ್ಷ. ಮಲೆನಾಡಿನ ಒಂದು ಸಣ್ಣ ಪಟ್ಟಣದಲ್ಲಿ ನಾನು, ಗಂಡ, ಅತ್ತೆ ಮತ್ತು 8 ವರ್ಷದ ಮಗಳು ಇದ್ದೇವೆ. ನನ್ನ ಮೈದುನ ಮನೆಯ ಮುಂದೆಯೇ ಝೆರಾಕ್ಸ್ ಮತ್ತು ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟಿದ್ದ. ಪಿಯುಸಿ ಫೇಲಾದವನು, ಸ್ನೇಹಿತರು ಅಂತ ಯಾರೂ ಇರಲಿಲ್ಲ, ಸದಾ ಮಕ್ಕಳ ಜೊತೆಗೇ ಇರುತ್ತಿದ್ದ. ಪ್ರಾಜೆಕ್ಟ್ ವರ್ಕ್ ಪ್ರಿಂಟ್ ತೆಗೆಸಲು ಬರುತ್ತಿದ್ದ ಪಕ್ಕದ ಬೀದಿಯ 9 ವರ್ಷದ ಹುಡುಗಿಯ ಮೇಲೆ ಕೈ ಹಾಕಿದ. ಪೋಕ್ಸೋ ಕೇಸಾಗಿ 5 ವರ್ಷ ಶಿಕ್ಷೆಯಾಯಿತು. ಜೈಲಿನಲ್ಲಿ ಮರಗೆಲಸ ಕಲಿತಿದ್ದಾನಂತೆ. ಇನ್ನು ಮೂರು ತಿಂಗಳಿಗೆ ಬಿಡುಗಡೆ. ಅತ್ತೆ 'ಆದದ್ದು ಆಯ್ತು, ಮನೆಗೆ ಬರಲಿ, ಒಂದು ಮದುವೆ ಮಾಡಿದರೆ ಸರಿಹೋಗ್ತಾನೆ' ಅನ್ನುತ್ತಾರೆ. ಗಂಡ ಬಾಯಿಯೇ ಬಿಡುವುದಿಲ್ಲ. ನನಗೆ ನಿದ್ದೆ ಬರುತ್ತಿಲ್ಲ. ನ್ಯೂಜಿಲೆಂಡಿನಲ್ಲಿರುವ ನನ್ನ ತಂಗಿ, ಅಲ್ಲಿ ಇಂಥ ಕೈದಿಗಳಿಗೆ 'ನಿನ್ನಲ್ಲಿ ಒಳ್ಳೆಯದು ಏನಿದೆ, ನಿನಗೆ ಎಂಥ ಬದುಕು ಬೇಕು' ಎಂದು ಕೇಳಿ ಒಂದು ಪ್ಲಾನ್ ಮಾಡಿಸುತ್ತಾರೆ ಅಂದಳು. ಕೇಳಿ ಮೈ ಉರಿಯಿತು. ಒಂದು ಮಗುವಿನ ಬಾಳು ಹಾಳು ಮಾಡಿದವನಿಗೆ ಒಳ್ಳೆಯ ಬಾಳಿನ ಪ್ಲಾನಾ? ಇಂಥವರು ಬದಲಾಗುತ್ತಾರಾ? ಅವನನ್ನು ಮನೆಗೆ ಸೇರಿಸಬಹುದಾ?

— ಹೆಸರು, ಊರು ಬೇಡ

ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಮಗಳು ಇರುವ ಮನೆಗೆ ಅವನು ವಾಸಕ್ಕೆ ಬರಬಾರದು. ಬಿಡುಗಡೆಯಾದ ದಿನ ಒಂದು ರಾತ್ರಿಗೆ ಅಂತಲೂ ಬೇಡ. ಇದರಲ್ಲಿ ನನಗೆ ಗೊಂದಲವಿಲ್ಲ.

ಹಾಗಂತ ಅವನನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಕೈ ತೊಳೆದುಕೊಳ್ಳಿ ಅಂತ ಹೇಳುವುದೂ ಇಲ್ಲ. ಅದರಿಂದ ನಿಮ್ಮ ಮನೆಗೆ ನೆಮ್ಮದಿ ಸಿಗಬಹುದು. ಆದರೆ ಗೊತ್ತುಗುರಿ ಇಲ್ಲದ, ಕೇಳುವವರಿಲ್ಲದ ಗಂಡಸೊಬ್ಬ ಇನ್ನೊಂದು ಊರಿನಲ್ಲಿ, ಇನ್ಯಾರದೋ ಮಗಳ ಪಕ್ಕದ ಮನೆಗೆ ಬಾಡಿಗೆಗೆ ಬಂದ ಹಾಗಾಗುತ್ತದೆ. ಇವೆರಡರ ನಡುವೆ ಒಂದು ದಾರಿ ಇದೆ. ನಿಮ್ಮ ತಂಗಿ ಹೇಳಿದ್ದು ಅದನ್ನೇ. ನಿಮಗೆ ಮೈ ಉರಿದದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಕೆಲವು ವರ್ಷ ಇಂಗ್ಲೆಂಡಿನ ಜೈಲುಗಳಲ್ಲಿ ಇಂಥವರ ಗುಂಪುಗಳನ್ನು ನಡೆಸಿದ್ದೇನೆ. ಅಲ್ಲಿನ ಕಾವಲು ಸಿಬ್ಬಂದಿಯೂ 'ಇವರಿಗೆ ಯಾಕೆ ಇಷ್ಟು ಉಪಚಾರ?' ಎಂದು ಕೇಳುತ್ತಿದ್ದರು. ನನ್ನ ಉತ್ತರ ಆಗಲೂ ಈಗಲೂ ಒಂದೇ. ಒಬ್ಬ ಮನುಷ್ಯನನ್ನು ನಂಬದೆಯೇ ಅವನಿಗೆ ಬದುಕು ಕಟ್ಟಿಕೊಳ್ಳಲು ಸಹಾಯ ಮಾಡಬಹುದು. ನಮ್ಮ ಮನೆಗಳಲ್ಲಿ ಇವೆರಡನ್ನೂ ಒಟ್ಟಿಗೇ ಕಟ್ಟಿಬಿಡುತ್ತೇವೆ. ಸಹಾಯ ಮಾಡುವವರು 'ಅವನು ಈಗ ಸರಿಹೋಗಿದ್ದಾನೆ' ಎಂದು ಮಗುವನ್ನೂ ಅವನ ಕೈಗೆ ಕೊಡುತ್ತಾರೆ. ನಂಬದವರು ಬಾಗಿಲೇ ಹಾಕುತ್ತಾರೆ. ಎರಡೂ ತಪ್ಪು.

ಇಂಥವರು ಬದಲಾಗುತ್ತಾರಾ?

'ಒಮ್ಮೆ ಮಾಡಿದವನು ಮತ್ತೆ ಮಾಡೇ ಮಾಡುತ್ತಾನೆ' ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಲೆಕ್ಕ ಹಾಗೆ ಹೇಳುವುದಿಲ್ಲ. 1998ರಲ್ಲಿ ಕೆನಡಾದ ಕಾರ್ಲ್ ಹ್ಯಾನ್ಸನ್ ಮತ್ತು ಮೋನಿಕ್ ಬುಸಿಯೇರ್ 61 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಾಲ್ಕೈದು ವರ್ಷಗಳಲ್ಲಿ ಮತ್ತೆ ಲೈಂಗಿಕ ಅಪರಾಧಕ್ಕೆ ಸಿಕ್ಕಿಬಿದ್ದವರು ನೂರಕ್ಕೆ 13 ಚಿಲ್ಲರೆ. 2004ರಲ್ಲಿ ಹ್ಯಾನ್ಸನ್ ಮತ್ತು ಆಂಡ್ರ್ಯೂ ಹ್ಯಾರಿಸ್ ಇನ್ನೂ ಉದ್ದಕ್ಕೆ ಲೆಕ್ಕ ಹಾಕಿದಾಗ 15 ವರ್ಷಕ್ಕೆ ಅದು 24ಕ್ಕೆ ಏರಿತು. ಗುಂಪಿನಿಂದ ಗುಂಪಿಗೆ ಇದು ಬಹಳ ಬದಲಾಗುತ್ತದೆ. ಮನೆಯ ಹೊರಗಿನ ಹುಡುಗಿಯರ ಮೇಲೆ ಅಪರಾಧ ಮಾಡಿದವರಲ್ಲಿ 15 ವರ್ಷಕ್ಕೆ ನೂರಕ್ಕೆ 16, ಹುಡುಗರ ಮೇಲೆ ಮಾಡಿದವರಲ್ಲಿ 35.

ಇದನ್ನು ಓದಿ ನಿರಾಳವಾಗಬೇಡಿ. ಇವು 'ಸಿಕ್ಕಿಬಿದ್ದವರ' ಲೆಕ್ಕ. ಮಕ್ಕಳ ಮೇಲೆ ನಡೆಯುವ ಎಷ್ಟೋ ಅಪರಾಧಗಳು ದೂರಿನವರೆಗೆ ಬರುವುದೇ ಇಲ್ಲ. ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಜೊತೆಗೆ ಇವು ಪಶ್ಚಿಮದ ದೇಶಗಳ ಅಂಕಿಗಳು. ಅಲ್ಲಿ ಬಿಡುಗಡೆಯಾದ ಮೇಲೂ ನಿಗಾ ಇರುತ್ತದೆ. ಆದರೂ ಒಂದು ವಿಷಯ ಇದರಿಂದ ಖಚಿತ. ಎಲ್ಲರೂ ಒಂದೇ ಅಲ್ಲ, ಮತ್ತು ಸಿಕ್ಕಿಬಿದ್ದ ಬಹುಪಾಲು ಜನ ಎರಡನೇ ಸಲ ಸಿಕ್ಕಿಬೀಳುವುದಿಲ್ಲ. ಏನೂ ಮಾಡದೆ ವರ್ಷಗಳು ಕಳೆದಷ್ಟೂ ಅಪಾಯ ಇಳಿಯುತ್ತಾ ಹೋಗುತ್ತದೆ. ಬಿಡುಗಡೆಯಾದ ಮೊದಲ ವರ್ಷಗಳೇ ಹೆಚ್ಚು ನಾಜೂಕಿನವು. ನೀವು ಈಗ ನಿಂತಿರುವುದು ಸರಿಯಾಗಿ ಅಲ್ಲಿ.

ಇನ್ನೊಂದು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು. ಅವನು ಅತ್ತನಾ, ತಪ್ಪು ಒಪ್ಪಿಕೊಂಡನಾ ಎಂಬುದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಅದೇ 1998ರ ವಿಶ್ಲೇಷಣೆಯಲ್ಲಿ, ತಪ್ಪನ್ನು ಅಲ್ಲಗಳೆಯುವುದಕ್ಕೂ ಮತ್ತೆ ಅಪರಾಧ ಮಾಡುವುದಕ್ಕೂ ನಂಟು ಕಾಣಲಿಲ್ಲ. ಕಣ್ಣೀರು ಹಾಕಿ ಕಾಲಿಗೆ ಬಿದ್ದವನು ಸುರಕ್ಷಿತ ಎಂದೇನೂ ಇಲ್ಲ. ಬಾಯಿ ಬಿಗಿದು ಕೂತವನು ಅಪಾಯಕಾರಿ ಎಂದೂ ಇಲ್ಲ. ನಿಜವಾಗಿ ಲೆಕ್ಕಕ್ಕೆ ಬರುವುದು ಬೇರೆ: ಮಕ್ಕಳ ಕಡೆಗೆ ಲೈಂಗಿಕ ಸೆಳೆತ ಇದೆಯಾ, ಸದಾ ಲೈಂಗಿಕ ವಿಚಾರದಲ್ಲೇ ಮುಳುಗಿರುತ್ತಾನಾ, ದೊಡ್ಡವರ ಜೊತೆ ಬೆರೆಯಲು ಬರುತ್ತದಾ, ಬೇಜಾರಾದಾಗ ಏನು ಮಾಡುತ್ತಾನೆ, ನಿಯಮ ಹೇಳಿದರೆ ಪಾಲಿಸುತ್ತಾನಾ. ಅತ್ತೆಯವರು ಜೈಲಿಗೆ ಹೋಗಿ ಬಂದು 'ಪಾಪ, ತುಂಬಾ ಅಳ್ತಾನೆ' ಅಂದರೆ ಅದು ತಾಯಿಯ ಸಂಕಟ. ಅದನ್ನು ಕೇಳಿಸಿಕೊಳ್ಳಿ. ಅದರ ಮೇಲೆ ತೀರ್ಮಾನ ಮಾಡಬೇಡಿ.

ಮದುವೆಯ ವಿಷಯ. ಇದು ಔಷಧಿ ಅಲ್ಲ. ಸ್ಥಿರವಾದ ದಾಂಪತ್ಯ ಇರುವವರಲ್ಲಿ ಅಪಾಯ ಕಡಿಮೆ ಎಂಬುದು ನಿಜವೇ. ಆದರೆ ಅದು ದೊಡ್ಡವರ ಜೊತೆ ಸಂಬಂಧ ಕಟ್ಟಿಕೊಳ್ಳಲು ಬಲ್ಲವನಿಗೆ ಸಿಗುವ ಫಲ. ತಾಳಿ ಕಟ್ಟಿದ ತಕ್ಷಣ ಆ ಶಕ್ತಿ ಬರುವುದಿಲ್ಲ. ಕೇಸಿನ ವಿಷಯ ಮುಚ್ಚಿಟ್ಟು ಮಾಡುವ ಮದುವೆಯಂತೂ ಆ ಹೆಣ್ಣಿಗೆ ಮಾಡುವ ಮೋಸ. ನಾಳೆ ಅವಳಿಗೆ ಒಂದು ಹೆಣ್ಣುಮಗು ಹುಟ್ಟಿದರೆ? ತಿಳಿಯದ ತಾಯಿ ಹೇಗೆ ಕಾಯುತ್ತಾಳೆ? ಈ ಮಾತು ಮನೆಯಲ್ಲಿ ಇನ್ನೊಮ್ಮೆ ಬಂದರೆ ಇದನ್ನೇ ಕೇಳಿ.

'ಒಳ್ಳೆಯ ಬದುಕು' ಅಂದರೇನು, ಯಾಕೆ?

ಈಗ ನಿಮ್ಮ ಸಿಟ್ಟಿನ ಪ್ರಶ್ನೆಗೆ ಬರೋಣ. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಇಂಗ್ಲೆಂಡಿನ ಜೈಲುಗಳಲ್ಲಿ 1990ರ ದಶಕದ ಆರಂಭದಿಂದ ಲೈಂಗಿಕ ಅಪರಾಧಿಗಳಿಗಾಗಿ ದೊಡ್ಡ ಚಿಕಿತ್ಸಾ ಕಾರ್ಯಕ್ರಮ ಒಂದು ನಡೆಯುತ್ತಿತ್ತು. ಗುಂಪಿನಲ್ಲಿ ಕೂರಿಸಿ ಅಪರಾಧದ ಒಂದೊಂದು ವಿವರವನ್ನೂ ಹೇಳಿಸುವುದು, ತಪ್ಪನ್ನು ಪೂರ್ತಿ ಒಪ್ಪಿಸುವುದು, ಬಲಿಯಾದವರ ನೋವನ್ನು ಅಭಿನಯಿಸಿ ತೋರಿಸುವುದು, ಏನೇನು ಮಾಡಬಾರದು ಎಂಬ ಉದ್ದದ ಪಟ್ಟಿ ಬರೆಸುವುದು, ಹೀಗೆ. ಕೇಳಿದರೆ ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? 2017ರಲ್ಲಿ ಅಲ್ಲಿನ ನ್ಯಾಯ ಸಚಿವಾಲಯ ಫಲಿತಾಂಶ ಪ್ರಕಟಿಸಿತು. ಕಾರ್ಯಕ್ರಮ ಮುಗಿಸಿದ 2,562 ಜನರನ್ನು, ಅದರಲ್ಲಿ ಸೇರದ 13 ಸಾವಿರಕ್ಕೂ ಹೆಚ್ಚು ಜನರ ಜೊತೆ ಹೋಲಿಸಿದ್ದರು. ಸರಾಸರಿ 8 ವರ್ಷಗಳಲ್ಲಿ ಮತ್ತೆ ಲೈಂಗಿಕ ಅಪರಾಧ ಮಾಡಿದವರು, ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 10, ಪಡೆಯದವರಲ್ಲಿ 8. ಅಂದರೆ ಉಪಯೋಗ ಕಾಣಲಿಲ್ಲ, ಸ್ವಲ್ಪ ಕೆಡುಕೇ ಆಗಿರುವಂತೆ ಕಂಡಿತು. ಆ ಕಾರ್ಯಕ್ರಮವನ್ನು ನಿಲ್ಲಿಸಿ ಹೊರೈಜನ್ ಮತ್ತು ಕೈಜನ್ ಎಂಬ ಹೊಸ ಕಾರ್ಯಕ್ರಮಗಳನ್ನು ತಂದರು. ಹೊರೈಜನ್‌ನಲ್ಲಿ ಅಪರಾಧದ ವಿವರ ಹೇಳಲೇಬೇಕು ಅಂತಿರಲಿಲ್ಲ. ಮುಂದೆ ಹೇಗೆ ಬದುಕುತ್ತೀಯ, ಅದಕ್ಕೆ ಬೇಕಾದ ಕೌಶಲ ಏನು ಎಂಬುದರ ಮೇಲೆಯೇ ಒತ್ತು ಇತ್ತು.

ಹಳೆಯದು ಯಾಕೆ ಸೋತಿತು ಎಂಬ ಬಗ್ಗೆ ಒಂದೇ ಅಭಿಪ್ರಾಯ ಇಲ್ಲ. ನಾನು ಗುಂಪುಗಳಲ್ಲಿ ಕಂಡದ್ದು ಇಷ್ಟು: ದಿನವೂ 'ನೀನು ರಾಕ್ಷಸ' ಎಂದು ಒಪ್ಪಿಸಿದರೆ ಕೆಲವರು ಅದನ್ನು ನಂಬಿಬಿಡುತ್ತಾರೆ. ಇನ್ನು ಕೆಲವರು ಕೇಳುವವರಿಗೆ ಬೇಕಾದ ಮಾತನ್ನು ಚೆನ್ನಾಗಿ ಕಲಿಯುತ್ತಾರೆ. ಏನು ಮಾಡಬಾರದು ಎಂಬ ಪಟ್ಟಿ ಬಾಯಿಪಾಠ ಆಗುತ್ತದೆ, ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂಬುದು ಮಾತ್ರ ಖಾಲಿ.

ನಿಮ್ಮ ತಂಗಿ ಹೇಳಿದ್ದು ಈ ಖಾಲಿ ಜಾಗದ ಬಗ್ಗೆ. ಕ್ರೈಸ್ಟ್‌ಚರ್ಚ್ ಹತ್ತಿರದ ರೋಲ್‌ಸ್ಟನ್ ಜೈಲಿನಲ್ಲಿ 1989ರಲ್ಲಿ ಕಿಯಾ ಮರಾಮ ಎಂಬ ವಿಭಾಗ ಶುರುವಾಯಿತು. ಮಕ್ಕಳ ಮೇಲೆ ಲೈಂಗಿಕ ಅಪರಾಧ ಮಾಡಿದವರಿಗೆಂದೇ ಮಾಡಿದ್ದು. ಅಲ್ಲಿ ನಿರ್ದೇಶಕರಾಗಿದ್ದ ಮನಃಶಾಸ್ತ್ರಜ್ಞ ಟೋನಿ ವಾರ್ಡ್ 2000ದ ದಶಕದಲ್ಲಿ 'ಗುಡ್ ಲೈವ್ಸ್ ಮಾಡೆಲ್', ಅಂದರೆ 'ಒಳ್ಳೆಯ ಬದುಕಿನ ಮಾದರಿ', ಎಂಬ ವಿಚಾರವನ್ನು ಬೆಳೆಸಿದರು. ಅದರ ತಿರುಳು ಸರಳ. ಎಲ್ಲ ಮನುಷ್ಯರಿಗೂ ಕೆಲವು ಬೇಕುಗಳಿವೆ. ಯಾರದಾದರೂ ಒಡನಾಟ, ಒಂದು ಕೆಲಸದಲ್ಲಿ ಕೈ ಪಳಗುವುದು, ನಾಲ್ಕು ಜನರ ನಡುವೆ ಜಾಗ, ತನ್ನ ಬದುಕು ತನ್ನ ಹಿಡಿತದಲ್ಲಿದೆ ಎಂಬ ಭಾವ, ಮನಸ್ಸಿಗೆ ನೆಮ್ಮದಿ, ಸುಖ. ಅಪರಾಧಿಗೂ ಇವೇ ಬೇಕು. ಅವನು ಅವುಗಳಲ್ಲಿ ಕೆಲವನ್ನು ಇನ್ನೊಬ್ಬರನ್ನು ಹಾಳು ಮಾಡುವ ದಾರಿಯಲ್ಲಿ ಪಡೆದ. ಬೇಕುಗಳನ್ನು ಕಿತ್ತು ಹಾಕಲಾಗುವುದಿಲ್ಲ. ದಾರಿ ಬದಲಿಸಬೇಕು. ಅದಕ್ಕೆ ಅವನಲ್ಲಿ ಈಗಾಗಲೇ ಏನು ಬಂಡವಾಳ ಇದೆ ಎಂದು ಹುಡುಕುತ್ತಾರೆ.

ನಿಮ್ಮ ಮೈದುನನ ವಿಷಯಕ್ಕೆ ಇದನ್ನು ಹಚ್ಚಿ ನೋಡಿ. ಪಿಯುಸಿ ಫೇಲು, ಸ್ನೇಹಿತರಿಲ್ಲ, ಮನೆಯಲ್ಲಿ ಬಹುಶಃ ಅಣ್ಣನ ಜೊತೆ ಹೋಲಿಕೆ. ಅಂಗಡಿಗೆ ಬರುವ ಮಕ್ಕಳ ಎದುರು ಮಾತ್ರ ಅವನು ದೊಡ್ಡ ಮನುಷ್ಯ, ಎಲ್ಲ ಗೊತ್ತಿರುವವನು. ದೊಡ್ಡವರ ಪ್ರಪಂಚದಲ್ಲಿ ಸಿಗದ ಆರಾಮ ಮಕ್ಕಳ ನಡುವೆ ಸಿಗುತ್ತಿತ್ತು. ಇದೊಂದು ಗುರುತಿಸಲಾದ ಅಪಾಯದ ಅಂಶ. ಫೇಲಾದವರೆಲ್ಲ, ಒಂಟಿಯಾಗಿರುವವರೆಲ್ಲ ಮಕ್ಕಳ ಮೇಲೆ ಕೈ ಹಾಕುವುದಿಲ್ಲ. ಯಾರೂ ಇಲ್ಲದ ಹೊತ್ತು ನೋಡಿದ್ದು, ಆ ಹುಡುಗಿಯ ನಂಬಿಕೆಯನ್ನು ಬಳಸಿಕೊಂಡದ್ದು, ಪ್ರತಿಯೊಂದೂ ಅವನೇ ಮಾಡಿದ ತೀರ್ಮಾನ. ಜೊತೆಗೆ ಲೈಂಗಿಕ ಸೆಳೆತದ ಪ್ರಶ್ನೆ ಬೇರೆಯೇ ಇದೆ. ಮಕ್ಕಳ ಮೇಲೆ ಅಪರಾಧ ಮಾಡಿದವರೆಲ್ಲರಿಗೂ ಮಕ್ಕಳ ಕಡೆ ಸ್ಥಿರವಾದ ಸೆಳೆತ ಇರುವುದಿಲ್ಲ, ಕೆಲವರಿಗೆ ಇರುತ್ತದೆ. ಇದನ್ನು ಮುಖಾಮುಖಿ ಪರೀಕ್ಷೆ ಮಾಡದೆ ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ.

ಈಗ ಅವನಿಗೆ ಮರಗೆಲಸ ಬರುತ್ತದೆ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿರುವ ಒಂದೇ ಒಳ್ಳೆಯ ಸುದ್ದಿ ಇದು. ಕೈಯಲ್ಲಿ ಕಸುಬು, ದೊಡ್ಡವರ ಜೊತೆ ದಿನವಿಡೀ ಕೆಲಸ, ತಿಂಗಳಿಗೆ ಸಂಬಳ, ಸಂಜೆ ಸುಸ್ತಾಗಿ ನಿದ್ದೆ. ಮಕ್ಕಳ ನಡುವೆ ಹುಡುಕಿದ ದೊಡ್ಡಸ್ತಿಕೆ ಇಲ್ಲಿ ದೊಡ್ಡವರಿಂದಲೇ ಸಿಕ್ಕರೆ ಅದು ಕಾವಲಿನ ಅರ್ಧ ಕೆಲಸ ಮಾಡುತ್ತದೆ. ಇದು ಬಹುಮಾನ ಅಲ್ಲ. ಕಳೆದುಕೊಳ್ಳಲು ಏನೂ ಇಲ್ಲದ ಮನುಷ್ಯನಿಗೆ ತಡೆಯಲು ಕಾರಣವೂ ಕಡಿಮೆ.

ಆದರೆ ಮರಗೆಲಸದಲ್ಲೂ ಎರಡು ಬಗೆ. ಕಾರ್ಖಾನೆ ಅಥವಾ ಶೆಡ್ಡಿನಲ್ಲಿ ಕೂತು ಬಾಗಿಲು, ಮಂಚ, ಟೇಬಲ್ ಮಾಡುವುದು ಒಂದು. ಮನೆಮನೆಗೆ ಹೋಗಿ ವಾರಗಟ್ಟಲೆ ವಾರ್ಡ್‌ರೋಬ್, ಅಡುಗೆಮನೆ ಕೂರಿಸುವುದು ಇನ್ನೊಂದು. ಎರಡನೆಯದು ಅವನಿಗೆ ಬೇಡ. ಮಧ್ಯಾಹ್ನ ಮನೆಯಲ್ಲಿ ಮಕ್ಕಳೇ ಇರುವ ಹೊತ್ತು ಅದು. ಅಂಗಡಿ ಮತ್ತೆ ತೆರೆಯುವ ಮಾತಂತೂ ಬೇಡವೇ ಬೇಡ. ಟ್ಯೂಷನ್, ಶಾಲಾ ವ್ಯಾನ್, ಬೇಸಿಗೆ ಶಿಬಿರ, ಭಜನೆ ಕ್ಲಾಸು, ಇವೂ ಅಷ್ಟೇ.

ಈ ವಿಧಾನಕ್ಕೂ ಮಿತಿ ಇದೆ. 'ಒಳ್ಳೆಯ ಬದುಕು' ಒಂದೇ ಅಪರಾಧ ತಗ್ಗಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ಕಡಿಮೆ. ಚೆನ್ನಾಗಿ ನಡೆದ ಚಿಕಿತ್ಸೆ ಒಟ್ಟಾರೆ ಉಪಯೋಗಕ್ಕೆ ಬರುತ್ತದೆ ಎನ್ನಲು ಆಧಾರ ಇದೆ. 2019ರಲ್ಲಿ ಥೆರೆಸಾ ಗ್ಯಾನನ್ ಮತ್ತು ಜೊತೆಯವರು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿದಾಗ, ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 9.5, ಪಡೆಯದವರಲ್ಲಿ 14.1 ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು. ಆದರೆ ಅಪಾಯ ಎಷ್ಟಿದೆ ಎಂದು ಅಳೆದು, ಅಪಾಯಕ್ಕೆ ತಕ್ಕ ಹಾಗೆ ಕೆಲಸ ಮಾಡುವುದು ಮೊದಲು. ಕೌಶಲ, ಕೆಲಸ, ಕನಸು ಎಲ್ಲ ಅದರ ಮೇಲೆ ಕೂರಬೇಕು. ಅಪಾಯದ ಕಡೆ ಕಣ್ಣು ಮುಚ್ಚಿ ಬರೀ ಒಳ್ಳೆಯದನ್ನೇ ಹುಡುಕುವ ಕೌನ್ಸೆಲರ್ ಸಿಕ್ಕರೆ ಆ ಬಾಗಿಲಿನಿಂದ ಎದ್ದು ಬನ್ನಿ.

ಯಾರು ನೋಡಿಕೊಳ್ಳಬೇಕು?

ಇದಕ್ಕೆ ನನಗೆ ಇಷ್ಟವಾದ ಮಾದರಿ ಕೆನಡಾದ್ದು. 1994ರಲ್ಲಿ ಒಂಟಾರಿಯೊದ ಹ್ಯಾಮಿಲ್ಟನ್‌ಗೆ, ಮಕ್ಕಳ ಮೇಲೆ ಅಪರಾಧ ಮಾಡಿ ಶಿಕ್ಷೆ ಪೂರ್ತಿ ಮುಗಿಸಿದ ಒಬ್ಬ ವ್ಯಕ್ತಿ ಬಂದ. ಶಿಕ್ಷೆ ಮುಗಿದದ್ದರಿಂದ ಅವನ ಮೇಲೆ ಅಧಿಕೃತ ನಿಗಾ ಇರಲಿಲ್ಲ. ಊರಿನವರು ರೊಚ್ಚಿಗೆದ್ದಿದ್ದರು. ಹ್ಯಾರಿ ನೈ ಎಂಬ, ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಪಾದ್ರಿ ತಮ್ಮ ಸಭೆಯ ಕೆಲವರನ್ನು ಕೂಡಿಸಿ ಅವನ ಸುತ್ತ ಒಂದು ಗುಂಪು ಕಟ್ಟಿದರು. ಅದರಿಂದ ಬೆಳೆದದ್ದು 'ಸರ್ಕಲ್ಸ್ ಆಫ್ ಸಪೋರ್ಟ್ ಅಂಡ್ ಅಕೌಂಟಬಿಲಿಟಿ', ಅಂದರೆ ಆಸರೆ ಮತ್ತು ಹೊಣೆಗಾರಿಕೆಯ ಬಳಗಗಳು. ಸಾಮಾನ್ಯವಾಗಿ ನಾಲ್ಕರಿಂದ ಆರು ಸ್ವಯಂಸೇವಕರು. ಎಲ್ಲರಿಗೂ ಅವನ ಅಪರಾಧ ಗೊತ್ತು. ಕೆಲಸ ಹುಡುಕಲು, ಬ್ಯಾಂಕಿಗೆ ಹೋಗಲು ಜೊತೆಗಿರುತ್ತಾರೆ. ದಾರಿ ತಪ್ಪುವ ಲಕ್ಷಣ ಕಂಡರೆ ಮುಖಕ್ಕೆ ಹೇಳುತ್ತಾರೆ, ಬೇಕಾದರೆ ಪೊಲೀಸರಿಗೂ ತಿಳಿಸುತ್ತಾರೆ. ಗುಟ್ಟು ಇಟ್ಟುಕೊಳ್ಳುವ ಹಾಗಿಲ್ಲ, ಇನ್ನೊಂದು ಮಗು ಬಲಿಯಾಗಬಾರದು. ಎಲ್ಲ ನಿಂತಿರುವುದು ಈ ಎರಡು ಮಾತಿನ ಮೇಲೆ. ಅಮೆರಿಕದ ಮಿನೆಸೋಟದಲ್ಲಿ ಇದನ್ನು 100 ಜನರ ಮೇಲೆ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಪರೀಕ್ಷಿಸಿದರು. 2018ರ ವರದಿ ಪ್ರಕಾರ ಮತ್ತೆ ಲೈಂಗಿಕ ಅಪರಾಧಕ್ಕೆ ಬಂಧನವಾಗುವ ಅಪಾಯ ಶೇ. 88 ಇಳಿದಿತ್ತು. ಗುಂಪು ಚಿಕ್ಕದು, ಹಾಗಾಗಿ ಆ 88ನ್ನು ದೇವರ ಮಾತು ಎಂದುಕೊಳ್ಳಬೇಡಿ. ದಿಕ್ಕು ಮಾತ್ರ ಸ್ಪಷ್ಟ ಇದೆ.

ಹ್ಯಾಮಿಲ್ಟನ್‌ನ ಆ ಪರಿಸ್ಥಿತಿ ನಿಮ್ಮದೇ. ಶಿಕ್ಷೆ ಪೂರ್ತಿ ಮುಗಿಸಿ ಬಂದವನ ಮೇಲೆ ಇಂಗ್ಲೆಂಡಿನಲ್ಲಿರುವಂಥ ನಿಗಾ ವ್ಯವಸ್ಥೆ ನಮ್ಮಲ್ಲಿ ಇಲ್ಲ. 2018ರಿಂದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಪಟ್ಟಿ ಇದೆ. ಅದು ಪೊಲೀಸರ ತನಿಖೆಗೆ ಇರುವುದು, ಸಾರ್ವಜನಿಕರು ನೋಡುವಂಥದ್ದಲ್ಲ. ಹಾಗಾಗಿ ಗೇಟಿನ ಹೊರಗೆ ಕಾಲಿಟ್ಟ ಮೇಲೆ ಭಾರವೆಲ್ಲ ಮನೆಯವರದ್ದೇ. ಮನೆಯವರು ಅಂದರೆ ಕೊನೆಗೆ ಯಾರು? ಮನೆಯ ಸೊಸೆ. ಅವನು ಎಲ್ಲಿ ಹೋದ, ಮಗಳು ಎಲ್ಲಿದ್ದಾಳೆ ಎಂದು ಇಡೀ ದಿನ ಕಣ್ಣಿಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಇದನ್ನು ಒಪ್ಪಿಕೊಳ್ಳಬೇಡಿ. ನಿಮಗೆ ಇಷ್ಟವಿಲ್ಲದಿದ್ದರೆ ಅವನ ಸಹಾಯದ ಗುಂಪಿನಲ್ಲಿ ನೀವು ಇರಲೇಬೇಕಿಲ್ಲ. ಅವನ ಮೇಲೆ ನಿಮಗೆ ಕರುಣೆ ಬಾರದಿದ್ದರೆ ಅದೂ ತಪ್ಪಲ್ಲ.

ನಿಮ್ಮ ಮುಂದಿರುವ ದಾರಿಗಳು ಮೂರು. ಮನೆಗೆ ತರುವುದು ಒಂದು. ಅದರ ಅಪಾಯ ಹೇಳಿಯಾಯಿತು. ಎಷ್ಟೇ ಎಚ್ಚರ ಇದ್ದರೂ ಹಬ್ಬ, ಮದುವೆ, ಜ್ವರ, ಕರೆಂಟ್ ಹೋದ ಸಂಜೆ, ಇವೆಲ್ಲ ಬರುತ್ತವೆ. 24 ಗಂಟೆ ಯಾರೂ ಕಾಯಲಾರರು. ಪೂರ್ತಿ ಕಡಿದುಕೊಳ್ಳುವುದು ಇನ್ನೊಂದು. ಕೆಲವು ಕುಟುಂಬಗಳಿಗೆ ಅದೇ ಸರಿ, ಅದರಲ್ಲೂ ಮನೆಯ ಮಗುವೇ ಬಲಿಯಾಗಿದ್ದರೆ. ನಿಮ್ಮಲ್ಲಿ ಅತ್ತೆಯವರು ಇದಕ್ಕೆ ಒಪ್ಪುವುದಿಲ್ಲ. ಕದ್ದು ದುಡ್ಡು ಕಳಿಸುತ್ತಾರೆ, ಕದ್ದು ಕರೆಸುತ್ತಾರೆ. ಕದ್ದು ನಡೆಯುವ ಭೇಟಿ ಎಲ್ಲಕ್ಕಿಂತ ಅಪಾಯ.

ನಾನು ಹೇಳುವುದು ಮೂರನೆಯದು. ಬೇರೆ ಊರು, ಬೇರೆ ಮನೆ, ಆದರೆ ಬಿಟ್ಟುಬಿಡುವುದಿಲ್ಲ. ಸ್ವಲ್ಪ ದೊಡ್ಡ ಊರಾದರೆ ಒಳ್ಳೆಯದು, ಫರ್ನಿಚರ್ ಕೆಲಸ ಸಿಗುವ ಕಡೆ. ಶಾಲೆ, ಅಂಗನವಾಡಿ ಪಕ್ಕ ಅಲ್ಲದ, ಮಕ್ಕಳಿರುವ ಸಂಬಂಧಿಕರ ಮನೆಯೂ ಅಲ್ಲದ ರೂಮು. ನಿಮ್ಮ ಗಂಡ, ಒಬ್ಬ ಸೋದರಮಾವ, ಗಟ್ಟಿ ಮನಸ್ಸಿನ ಇನ್ನಿಬ್ಬರು. ಇಷ್ಟು ಜನರಿಗೆ ಕೋರ್ಟಿನ ತೀರ್ಪಿನಲ್ಲಿ ಇರುವುದು ಪೂರ್ತಿ ಗೊತ್ತಿರಬೇಕು. ಆ ಹುಡುಗಿಯ ಹೆಸರು ಮಾತ್ರ ಹೊರಗೆ ಹೋಗಬಾರದು, ಅದು ಕಾನೂನು. ವಾರಕ್ಕೊಮ್ಮೆ ಯಾರಾದರೂ ಹೋಗಿ ನೋಡಬೇಕು, ಉಳಿದ ದಿನ ಫೋನು. ಕೆಲಸ ಕೊಡುವವರಿಗೆ ಹೇಳಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಮಾಲೀಕರ ಮನೆ ಶೆಡ್ಡಿನ ಪಕ್ಕದಲ್ಲೇ ಇದ್ದು ಮಕ್ಕಳು ಓಡಾಡುತ್ತಿದ್ದರೆ ಹೇಳಲೇಬೇಕು. ಹೇಳಿದರೆ ಕೆಲಸ ಸಿಗದೆ ಹೋಗಬಹುದು. ಆಗ ಇನ್ನೊಂದು ಕಡೆ ಹುಡುಕಿ, ಮುಚ್ಚಿಡಬೇಡಿ.

ಜೊತೆಗೆ ವೈದ್ಯರು ಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಹತ್ತಿರದಲ್ಲೇ ಬೇಕೆಂದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಶುರು ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಅದು ನಿಮ್ಮ ನಿದ್ದೆಗೂ ಉಪಯೋಗ. ಸದಾ ಲೈಂಗಿಕ ಯೋಚನೆ ಕಾಡುವವರಿಗೆ ಔಷಧಿಗಳೂ ಇವೆ. ಅವನ ಒಪ್ಪಿಗೆಯಿಂದ ಮನೋವೈದ್ಯರು ಕೊಡಬೇಕಾದವು ಅವು. ಒಂದು ವಿಷಯ ಅವನಿಗೂ ಮೊದಲೇ ತಿಳಿದಿರಲಿ. ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದರೆ ವೈದ್ಯರೂ ಪೊಲೀಸರಿಗೆ ಹೇಳಲೇಬೇಕು. ನೀವೂ ಅಷ್ಟೇ.

ಕಣ್ಣಿಡಬೇಕಾದ ಲಕ್ಷಣಗಳು ಕೆಲವು. ಕೆಲಸ ಬಿಟ್ಟು ಕೂತುಬಿಡುವುದು. ವಾರದ ಭೇಟಿ ತಪ್ಪಿಸುವುದು. ಎರಡನೇ ಫೋನು ಅಥವಾ ಸಿಮ್. ಕುಡಿತ. 'ಯಾರೂ ನನ್ನ ನಂಬಲ್ಲ, ಯಾಕೆ ಒಳ್ಳೆಯವನಾಗಿರಬೇಕು' ಎಂಬ ರಾಗ. ಪಕ್ಕದ ಮನೆ ಮಕ್ಕಳಿಗೆ ಚಾಕಲೇಟು, ಸ್ಕೂಲಿಂದ ಕರೆದುಕೊಂಡು ಬರುತ್ತೇನೆ ಎಂಬ ಧಾರಾಳತನ. ಕೊನೆಯ ಎರಡು ಕಂಡರೆ ಗುಂಪು ಅದೇ ದಿನ ಸೇರಬೇಕು. ಮಗುವಿಗೆ ಏನಾದರೂ ಆಗಿದೆ ಎಂಬ ಸಣ್ಣ ಅನುಮಾನ ಬಂದರೂ ಪೊಲೀಸರ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮನೆ ಪಂಚಾಯಿತಿ ಬೇಡ.

ಆ ಹುಡುಗಿ

ನಿಮ್ಮ ಪತ್ರದಲ್ಲಿ ಅವಳ ಬಗ್ಗೆ ಒಂದೇ ಸಾಲು ಇದೆ. ಅವಳಿಗೆ ಈಗ 14, 15 ಇರಬೇಕು. ಪಕ್ಕದ ಬೀದಿಯಲ್ಲೇ ಇದ್ದಾಳೆ ಎಂದುಕೊಳ್ಳುತ್ತೇನೆ. ಅವನು ನಿಮ್ಮ ಮನೆಗೆ ಬಂದರೆ ಅವಳು ಸ್ಕೂಲಿಗೆ ಹೋಗುವಾಗ ದಿನವೂ ಅವನನ್ನು ದಾಟಿ ಹೋಗಬೇಕು. ನಿಮ್ಮ ಮಗಳು ಇಲ್ಲದಿದ್ದರೂ, ಅವನಿಂದ ಇನ್ನು ಯಾವ ಅಪಾಯವೂ ಇಲ್ಲ ಎಂದು ಯಾರಾದರೂ ಬರೆದುಕೊಟ್ಟರೂ, ಇದೊಂದೇ ಕಾರಣಕ್ಕೆ ನಾನು ಬೇರೆ ಊರು ಅನ್ನುತ್ತಿದ್ದೆ. ಇಂಥ ಕಾರ್ಯಕ್ರಮಗಳ ಚರ್ಚೆಯಲ್ಲಿ, ನಮ್ಮ ವೃತ್ತಿಯವರ ನಡುವೆಯೂ, ಅಪರಾಧಿಯ ಬದುಕಿನ ಬಗ್ಗೆ ಮಾತಾಡುತ್ತಾ ಮಾತಾಡುತ್ತಾ ಆ ಮಗು ಕೋಣೆಯಿಂದ ಆಚೆ ಹೋಗಿಬಿಡುತ್ತದೆ. ನನಗೆ ಇದರ ಬಗ್ಗೆ ತಕರಾರಿದೆ.

ಕ್ಷಮೆ ಕೇಳಿಸುತ್ತೇವೆ, ರಾಜಿ ಮಾಡಿಸುತ್ತೇವೆ ಎಂದು ಹಣ್ಣು ಹಿಡಿದು ಅವರ ಮನೆಗೆ ಯಾರೂ ಹೋಗಬೇಡಿ. ಊರ ಹಿರಿಯರನ್ನು ಮಧ್ಯೆ ತರಬೇಡಿ. ಅವನು ಊರಿಗೆ ಬರುವುದಿಲ್ಲ ಎಂಬುದು ಅವರಿಗೆ ತಿಳಿದರೆ ನೆಮ್ಮದಿಯಾಗಬಹುದು. ತಿಳಿಸುವುದಾದರೆ ಆ ಮನೆಯವರಿಗೆ ನೆರವಾದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಕೇಳಿ ನೋಡಿ, ನೇರವಾಗಿ ಬೇಡ.

ನಿಮ್ಮ ಮಗಳಿಗೆ ಏನು ಹೇಳಬೇಕು? 8 ವರ್ಷಕ್ಕೆ ಎಲ್ಲ ವಿವರ ಬೇಡ, ಸುಳ್ಳೂ ಬೇಡ. 'ಚಿಕ್ಕಪ್ಪ ಒಂದು ಮಗುವಿಗೆ ನೋವಾಗುವ ಕೆಲಸ ಮಾಡಿದ. ಅದಕ್ಕೆ ಅವನು ನಮ್ಮ ಜೊತೆ ಇರುವುದಿಲ್ಲ. ನೀನು ಅವನ ಜೊತೆ ಒಬ್ಬಳೇ ಇರುವ ಹಾಗಿಲ್ಲ, ಇದು ದೊಡ್ಡವರ ರೂಲ್.' ಇಷ್ಟು ಸಾಕು. ಮೈಮುಟ್ಟುವ ವಿಷಯದಲ್ಲಿ ಯಾರೇ ಗುಟ್ಟು ಇಟ್ಟುಕೋ ಅಂದರೂ ಅಮ್ಮನಿಗೆ ಹೇಳಬೇಕು ಎಂಬುದನ್ನು ಚಿಕ್ಕಪ್ಪನ ಹೆಸರು ಸೇರಿಸದೆ ಬೇರೆಯಾಗಿ ಕಲಿಸಿ. ದೇಶದ ಅಪರಾಧ ದಾಖಲೆಗಳಲ್ಲಿ ವರ್ಷ ವರ್ಷವೂ ಅತ್ಯಾಚಾರ ಪ್ರಕರಣಗಳ ಆರೋಪಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಗೊತ್ತಿರುವವರೇ. ಒಬ್ಬನನ್ನು ದೂರ ಇಟ್ಟ ತಕ್ಷಣ ಮಗಳ ಸುರಕ್ಷತೆಯ ಪಾಠ ಮುಗಿಯುವುದಿಲ್ಲ.

ಇನ್ನು ಮೂರು ತಿಂಗಳು ಇದೆ. ಬಿಡುಗಡೆಯ ದಿನ ಗೇಟಿನ ಮುಂದೆ ನಿಂತು ತೀರ್ಮಾನ ಮಾಡುವ ವಿಷಯ ಇದಲ್ಲ. ನಿಮ್ಮ ಗಂಡ ಈ ತಿಂಗಳೇ ಜೈಲಿಗೆ ಹೋಗಿ ಅವನನ್ನು ಕಂಡು ಹೇಳಲಿ: 'ನಿನಗೆ ರೂಮು ನೋಡ್ತೇನೆ, ಕೆಲಸ ನೋಡ್ತೇನೆ, ವಾರಕ್ಕೊಮ್ಮೆ ಬರ್ತೇನೆ. ನಮ್ಮ ಮನೆಗೆ ನೀನು ಬರುವ ಹಾಗಿಲ್ಲ. ಅಮ್ಮ ನಿನ್ನನ್ನು ನೋಡಲು ನಿನ್ನ ಕಡೆಗೇ ಬರ್ತಾಳೆ.' ಅವನು ಇದಕ್ಕೆ ಹೇಗೆ ಉತ್ತರಿಸುತ್ತಾನೆ ಎಂಬುದರಿಂದಲೇ ಎಷ್ಟೋ ತಿಳಿಯುತ್ತದೆ. ಬೇಜಾರಾದರೂ ಸರಿ, ನಿಯಮ ಒಪ್ಪಿ 'ಯಾವ ಊರು, ಎಂಥ ಕೆಲಸ' ಎಂದು ಕೇಳಿದರೆ ಕೆಲಸ ಮಾಡಲು ಜಾಗ ಇದೆ ಎಂದು ಅರ್ಥ. ಅತ್ತೆಯವರಿಗೂ ಇದನ್ನು ಹೇಳಬೇಕಾದವರು ನಿಮ್ಮ ಗಂಡನೇ. ಅವರಿಂದ ಆಗುವುದಿಲ್ಲ ಅನ್ನಿಸಿದರೆ ಇಬ್ಬರೂ ಒಮ್ಮೆ ಯಾರಾದರೂ ಕೌನ್ಸೆಲರ್ ಹತ್ತಿರ ಕೂತು, ಅತ್ತೆಯವರಿಗೆ ಹೇಳುವ ಮಾತನ್ನು ಅಲ್ಲೇ ಒಂದು ಸಲ ಬಾಯಿಬಿಟ್ಟು ಹೇಳಿಸಿ.